ಬ್ರೂಸ್ ಫೂಟ್ ಮತ್ತು ಅಂಚೆಯ ಕಾಲದ ಭೂವಿಜ್ಞಾನ



ಕಾರ್ಕಳದ ಗೊಮ್ಮಟನನ್ನು ನೋಡಲು ಬಂದವರು ಮೂರ್ತಿ ಎಷ್ಟು ಎತ್ತರವಿದೆಯೆಂದು ಕೇಳುತ್ತಾರೆ. 1432ರಲ್ಲಿ ಅದನ್ನು ಪ್ರತಿಷ್ಠಾಪಿಸಿದ ವೀರಪಾಂಡ್ಯನ ವಿಚಾರವನ್ನೂ ಕೇಳುತ್ತಾರೆ. ಅದು ಯಾವ ಕಲ್ಲು, ಎಷ್ಟು ಹಳೆಯದು ಎಂದು ಕೇಳುವವರು ವಿರಳ. ನಮ್ಮ ಸೀಮೆಯಲ್ಲಿ ಕಲ್ಲಿಗಂತೂ ಬರವಿಲ್ಲ. ಕಾರ್ಕಳದ ಶಿಲೆಕಲ್ಲು, ಮಣಿಪಾಲದ ಗುಡ್ಡದ ಮುರಕಲ್ಲು, 1901ರಿಂದ ದೀಪಸ್ತಂಭವನ್ನು ಹೊತ್ತು ನಿಂತಿರುವ ಕಾಪುವಿನ ಬಂಡೆ, ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು, ಇವೆಲ್ಲ ನಾವು ದಿನವೂ ಕಂಡು ಗಮನಿಸದೆ ಬಿಟ್ಟವು.

ಇವುಗಳ ಪೈಕಿ ಮುರಕಲ್ಲಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. ಟಿಪ್ಪುವಿನ ಪತನಾನಂತರ ಕಂಪೆನಿ ಸರಕಾರದ ಆಜ್ಞೆಯಂತೆ 1800-01ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಆತ ಕಾರ್ಕಳ, ಉಡುಪಿಗಳ ಮಾರ್ಗವಾಗಿಯೂ ಸಾಗಿದ್ದನು. ನೆಲದಲ್ಲಿರುವಾಗ ಮೆದುವಾಗಿದ್ದು, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುವ ಈ ಕಲ್ಲನ್ನು ಮಲಬಾರಿನ ಅಂಗಾಡಿಪುರದಲ್ಲಿ ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದನ್ನು ‘ಲ್ಯಾಟರೈಟ್’ ಎಂದು ಕರೆದನು. ಆ ಹೆಸರು 1807ರಲ್ಲಿ ಅಚ್ಚಾಯಿತು. ಮುಂದೆ ಇದೇ ಜಾತಿಯ ಕಲ್ಲಿನ ಒಂದು ಗುಂಡಿಯಲ್ಲಿಯೇ ಭಾರತದ ಪ್ರಾಗಿತಿಹಾಸದ ಬಾಗಿಲು ತೆರೆಯಿತು. ತೆರೆದವನು ರಾಬರ್ಟ್ ಬ್ರೂಸ್ ಫೂಟ್. ಆತನ ಕೆಲಸಕ್ಕೂ ಆ ಕಾಲದ ಪತ್ರವ್ಯವಹಾರಕ್ಕೂ ಇದ್ದ ನಂಟನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಫೂಟ್ 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದನು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ, ಮದ್ರಾಸು ಪ್ರಾಂತಕ್ಕೆ ನಿಯುಕ್ತನಾದನು. ಚಳಿಗಾಲದಿಂದ ಬೇಸಗೆಯವರೆಗೆ ಎತ್ತಿನ ಗಾಡಿ, ಗುಡಾರಗಳೊಡನೆ ಊರೂರು ಅಲೆದು ನಕ್ಷೆ ಬರೆಯುವುದು, ಮಳೆಗಾಲದಲ್ಲಿ ಕಛೇರಿಯಲ್ಲಿ ಕುಳಿತು ವರದಿ ಬರೆಯುವುದು ಆ ಇಲಾಖೆಯವರ ಕ್ರಮ. ಮೇಲಧಿಕಾರಿ ಥಾಮಸ್ ಓಲ್ಡ್‌ಹ್ಯಾಮ್ ಇದ್ದುದು ಕಲ್ಕತ್ತೆಯಲ್ಲಿ, ವಿದ್ವತ್ಸಂಘಗಳಿದ್ದುದು ಲಂಡನ್ನಿನಲ್ಲಿ. ಇವರೆಲ್ಲರ ನಡುವಣ ಸೇತುವೆ ಅಂಚೆಯೊಂದೇ. 1854ರ ಸುಧಾರಣೆಯ ಬಳಿಕ ದೇಶದೊಳಗೆ ಎಷ್ಟೇ ದೂರಕ್ಕಾದರೂ ಹಗುರವಾದ ಕಾಗದವೊಂದು ಅರ್ಧಾಣೆಯಲ್ಲಿ ಹೋಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ವಿಲಾಯತಿಯ ಟಪ್ಪಾಲೂ ಬೇಗನೆ ತಲುಪತೊಡಗಿತು.

1863ರ ಮೇ 30ರಂದು ಮದ್ರಾಸಿನ ಸಮೀಪದ ಪಲ್ಲಾವರಂನಲ್ಲಿ, ಮುರಕಲ್ಲಿನ ಜಲ್ಲಿ ತೆಗೆದ ಗುಂಡಿಯೊಂದರಲ್ಲಿ ಫೂಟನಿಗೆ ಮನುಷ್ಯನ ಕೈಯಿಂದ ರೂಪುಗೊಂಡ ಕಲ್ಲಿನ ಆಯುಧವೊಂದು ಸಿಕ್ಕಿತು. ಅದೇ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್‌ನೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಅನೇಕ ಆಯುಧಗಳನ್ನು ಕಂಡನು. ಅದನ್ನು ಬರಿಯ ಕಲ್ಲೆಂದು ಎಸೆಯದಿರಲು ಕಾರಣವಿತ್ತು. ಕೇವಲ ನಾಲ್ಕು ವರ್ಷಗಳ ಹಿಂದೆ, 1859ರಲ್ಲಿ, ಪ್ರೆಸ್ಟ್‌ವಿಚ್ ಮತ್ತು ಇವಾನ್ಸ್ ಎಂಬ ಇಂಗ್ಲಿಷ್ ವಿದ್ವಾಂಸರು ಫ್ರಾನ್ಸಿನ ಇಂಥವೇ ಕಲ್ಲುಗಳು ಮಾನವ ನಿರ್ಮಿತವೆಂದು ಒಪ್ಪಿ ಪ್ರಕಟಿಸಿದ್ದರು. ಅಚ್ಚಾದ ಆ ಸುದ್ದಿ ಕಡಲು ದಾಟಿ ಬಂದಿರದಿದ್ದರೆ ಪಲ್ಲಾವರಂನ ಕಲ್ಲು ರಸ್ತೆಯ ಜಲ್ಲಿಯೊಡನೆ ಹೋಗುತ್ತಿತ್ತು. ಫೂಟನ ಉತ್ತರವೂ ಬಂದ ದಾರಿಯಲ್ಲಿಯೇ ಹಿಂದಿರುಗಿತು: 1866ರಲ್ಲಿ ಮದ್ರಾಸಿನ ವಿದ್ವತ್ಪತ್ರಿಕೆಯಲ್ಲಿ, 1868ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ. ಅತ್ತಿರಂಪಾಕ್ಕಂನ ಆಯುಧಗಳು ಹದಿನೈದು ಲಕ್ಷ ವರ್ಷಗಳಷ್ಟು ಹಳೆಯವೆಂದು ಶಾಂತಿ ಪಪ್ಪು ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು.

ಇನ್ನು ನಮ್ಮ ಘಟ್ಟದ ಮೇಲಿನ ಸಂಗತಿ. ಬೆಳಗಾವಿ, ಧಾರವಾಡ, ಕಲಾದಗಿ ಪ್ರದೇಶಗಳ ಭೂರಚನೆಯನ್ನು ಕುರಿತ ಫೂಟನ ಗ್ರಂಥ 1876ರಲ್ಲಿ ಹೊರಬಂದಿತು. ಗೋಕಾಕದ ಬಳಿ ದೊರೆತ ಖಡ್ಗಮೃಗದ ಪಳೆಯುಳಿಕೆಯನ್ನು ವರ್ಣಿಸಿದವನೂ ಆತನೇ. ಚಿನ್ನವನ್ನು ಒಡಲಲ್ಲಿಟ್ಟುಕೊಂಡಿರುವ ಪುರಾತನ ಶಿಲಾಸಮೂಹಕ್ಕೆ ಆತ ‘ಧಾರವಾಡ’ ಎಂಬ ಹೆಸರಿಟ್ಟನು. ಇಂದು ಯಾವ ದೇಶದ ಭೂವಿಜ್ಞಾನಿಯೂ ಕರ್ನಾಟಕದ ಪ್ರಾಚೀನ ನೆಲವನ್ನು ನಮ್ಮ ಆ ಊರಿನ ಹೆಸರಿನಿಂದಲೇ ಕರೆಯುತ್ತಾನೆ.

ಆದರೆ ಒಬ್ಬನೇ ಮನುಷ್ಯ ಇಷ್ಟೆಲ್ಲ ನೆಲವನ್ನು ಶೋಧಿಸಲಾರನು. ಆ ಕಾಲದ ಭೂವಿಜ್ಞಾನದಲ್ಲಿ ಇಲಾಖೆಯ ಪತ್ರಗಳಿಗೂ ಸ್ನೇಹದ ಪತ್ರಗಳಿಗೂ ನಡುವೆ ದಪ್ಪ ಗೋಡೆಯಿರಲಿಲ್ಲ. ಫೂಟನ ಮಾವ ಪೀಟರ್ ಪರ್ಸಿವಲ್ ಪಾದ್ರಿಯೂ ಪ್ರಸಿದ್ಧ ತಮಿಳು ವಿದ್ವಾಂಸನೂ ಆಗಿದ್ದನು. ಬಳ್ಳಾರಿಯಲ್ಲಿ ಪ್ರಾಚೀನ ನೆಲೆಗಳನ್ನು ಆತನ ಗಮನಕ್ಕೆ ತಂದವನು ಫ್ರೇಸರ್ ಎಂಬ ಜಿಲ್ಲಾ ಇಂಜಿನಿಯರ್.

ಬಿಲ್ಲಸುರಗಂ ಗವಿಗಳ ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನ. ಕರ್ನೂಲು ಜಿಲ್ಲೆಯ ಈ ಗವಿಗಳಲ್ಲಿ ಮೂಳೆಗಳಿವೆಯೆಂದು ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1844ರಲ್ಲಿಯೇ ಬರೆದಿದ್ದನು. ಆ ಬರಹ ನಾಲ್ಕು ದಶಕ ಮಲಗಿತ್ತು. ಡಾರ್ವಿನ್ನನ ಮಿತ್ರ ಹಕ್ಸ್‌ಲಿ ಮದ್ರಾಸಿನ ಗವರ್ನರ್ ಗ್ರ್ಯಾಂಟ್ ಡಫ್‌ಗೆ ಈ ಗವಿಗಳನ್ನು ಶೋಧಿಸುವಂತೆ ಸಲಹೆ ಮಾಡಿದನು. ಗವರ್ನರ್ ಅದನ್ನು ಇಲಾಖೆಗೆ ತಿಳಿಸಿದನು. 1884ರಲ್ಲಿ ಫೂಟ್ ಅಲ್ಲಿಗೆ ಹೋದನು. ಮುಂದಿನ ಅಗೆತವನ್ನು ಸೇನೆಯಲ್ಲಿದ್ದ ಅವನ ಮಗ ಹೆನ್ರಿ ನಡೆಸಿದನು. ದೊರೆತ ಪ್ರಾಣಿಗಳ ಮೂಳೆಗಳನ್ನು ಲಿಡೆಕರ್ ಎಂಬ ವಿದ್ವಾಂಸನು ಪರೀಕ್ಷಿಸಿ 1886ರಲ್ಲಿ ವರ್ಣಿಸಿದನು. ಒಂದು ಗವಿಯ ಒಳಗೆ ಬೆಳಕು ಬೀಳಲು ಸೈನಿಕ, ವಿಜ್ಞಾನಿ, ಗವರ್ನರ್, ತಂದೆ, ಮಗ, ಇಷ್ಟು ಜನರ ಕೈ ಸೇರಬೇಕಾಯಿತು.

ಬಳ್ಳಾರಿ ಸೀಮೆಯ ಬೂದಿದಿಬ್ಬಗಳ ಕಥೆಯೂ ಹೀಗೆಯೇ. ಅವು ರಾಕ್ಷಸರನ್ನು ಸುಟ್ಟ ಬೂದಿಯೆಂದು ಊರವರು ಹೇಳುತ್ತಿದ್ದುದನ್ನು ನ್ಯೂಬೋಲ್ಡ್ ಬರೆದಿಟ್ಟಿದ್ದನು. ಫೂಟ್ ಅವನ್ನು ಪರೀಕ್ಷಿಸಿ, ಶಿಲಾಯುಗದ ಗೋಪಾಲಕರ ದೊಡ್ಡಿಗಳಲ್ಲಿ ರಾಶಿಬಿದ್ದ ಸೆಗಣಿ ಸುಟ್ಟ ಬೂದಿಯೆಂದು ತರ್ಕಿಸಿದನು. ಇದು ಸರಿಯೆಂದು ಸಿದ್ಧವಾದದ್ದು ರೇಮಂಡ್ ಆಲ್ಚಿನ್ ಉತ್ನೂರಿನಲ್ಲಿ ಉತ್ಖನನ ನಡೆಸಿ 1963ರಲ್ಲಿ ಗ್ರಂಥ ಪ್ರಕಟಿಸಿದಾಗ. ಫೂಟ್ ತೀರಿಕೊಂಡು ಆಗಲೇ ಅರ್ಧ ಶತಮಾನವಾಗಿತ್ತು. ಬರೆದಿಟ್ಟ ಮಾತು ಹೇಳಿದವನಿಗಿಂತ ಹೆಚ್ಚು ಕಾಲ ಕಾಯಬಲ್ಲದು.

ಇನ್ನೊಂದು ನಿದರ್ಶನ ಅಷ್ಟು ಸುಖದ್ದಲ್ಲ. ಬಳ್ಳಾರಿಯ ಬಳಿಯ ಕುಪ್ಪಗಲ್ಲಿನ ಗುಡ್ಡದ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನ ದನಗಳ, ಮನುಷ್ಯರ ಕೆತ್ತನೆಗಳಿವೆ. ಅಲ್ಲಿಯ ಕೆಲವು ಕಲ್ಲುಗಳನ್ನು ತಟ್ಟಿದರೆ ಜಾಗಟೆಯಂತೆ ನಾದ ಹೊರಡುತ್ತದೆ. ಫಾಸೆಟ್ ಎಂಬ ಪೊಲೀಸ್ ಅಧಿಕಾರಿ 1892ರಲ್ಲಿ ಇವನ್ನು ಕುರಿತು ಲೇಖನ ಬರೆದನು. ಆ ಕಾಲದಲ್ಲಿ ತೆಗೆದ ಚಿತ್ರಗಳು ಲಂಡನ್ನಿನ ಸಂಸ್ಥೆಯೊಂದನ್ನು ಸೇರಿ ಮಾಸಿದವು. ಮುಂದೆ ಹುಡುಕಿ ಹೋದ ವಿದ್ವಾಂಸರಿಗೆ ಆ ಜಾಗವೇ ಸಿಗದೆ ಹೋಯಿತು. ಈ ಶತಮಾನದ ಆರಂಭದಲ್ಲಿ ನಿಕೋಲ್ ಬೋವಿನ್ ಎಂಬ ಸಂಶೋಧಕಿಗೆ ಅದು ಮತ್ತೆ ದೊರೆಯುವಷ್ಟರಲ್ಲಿ, ಗುಡ್ಡದ ಒಂದು ಭಾಗವನ್ನು ಕಲ್ಲುಕೋರೆಯವರು ಒಡೆದು ಸಾಗಿಸಿದ್ದರು. ಜಾಗಟೆಯ ನಾದವಿದ್ದ ಎಷ್ಟು ಕಲ್ಲುಗಳು ಜಲ್ಲಿಯಾದುವೋ!

ಫೂಟ್ ಇಲಾಖೆಯಿಂದ 1891ರಲ್ಲಿ ನಿವೃತ್ತನಾಗಿ, ಬರೋಡ, ಮೈಸೂರು ಸಂಸ್ಥಾನಗಳಲ್ಲಿಯೂ ದುಡಿದು, ಯೆರ್ಕಾಡಿನಲ್ಲಿ ನೆಲೆಸಿದನು. ನಾಲ್ಕುನೂರಕ್ಕೂ ಮೇಲ್ಪಟ್ಟ ನೆಲೆಗಳಿಂದ ಸಂಗ್ರಹಿಸಿದ ಆಯುಧಗಳನ್ನೂ ಮಡಕೆಯ ಚೂರುಗಳನ್ನೂ 1904ರಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯವು ಕೊಂಡಿತು. ಆತ 1912ರಲ್ಲಿ ನಿಧನನಾದ ಬಳಿಕ ಅವುಗಳ ವಿವರಣಾತ್ಮಕ ಪಟ್ಟಿ ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. ಆ ಸಂಗ್ರಹದ ಬೆಲೆ ಕಲ್ಲುಗಳಲ್ಲಿ ಮಾತ್ರವಿಲ್ಲ. ಯಾವುದು ಎಲ್ಲಿ ದೊರೆಯಿತೆಂಬ ಬರಹದಲ್ಲಿದೆ. ಊರಿನ ಹೆಸರಿಲ್ಲದ ಕಲ್ಗೊಡಲಿ ಬರಿಯ ಕಲ್ಲು. ಒಂದು ಕೊರತೆಯನ್ನೂ ಹೇಳಬೇಕು. ಸಾಹೇಬರ ಹೆಸರುಗಳೆಲ್ಲ ಉಳಿದುವು. ದಾರಿ ತೋರಿಸಿದ ಹಳ್ಳಿಗರು, ಅಗೆದ ಕೂಲಿಗಳು, ಗಾಡಿ ಹೊಡೆದವರು ಬಹುಮಟ್ಟಿಗೆ ಹೆಸರಿಲ್ಲದೆ ಹೋದರು. ಆ ಬರಹಗಳನ್ನು ಓದುವಾಗ ನಾವು ಅವರನ್ನೂ ನೆನೆಯಬೇಕು.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಕಾರ್ಕಳದ ಸುತ್ತಲಿನ ಪಾದೆಗಳು ಕೋರೆಗಳಾಗುತ್ತಿವೆ, ಮುರಕಲ್ಲಿನ ಗುಡ್ಡಗಳು ನಿವೇಶನಗಳಾಗುತ್ತಿವೆ. ಮನೆ ಕಟ್ಟುವವರಿಗೆ ಕಲ್ಲು ಬೇಕು, ನಾನು ಕುಳಿತಿರುವ ಮನೆಯೂ ಮುರಕಲ್ಲಿನದೇ. ಕೋರೆಗಳೇ ಬೇಡವೆಂದು ನಾನು ಹೇಳಲಾರೆ. ಆದರೆ ಒಡೆಯುವ ಮೊದಲು ಒಮ್ಮೆ ನೋಡಬಹುದಲ್ಲವೆ? ನಿಮ್ಮ ಗದ್ದೆಯ ಅಂಚಿನಲ್ಲಿ ವೀರಗಲ್ಲೋ ಶಾಸನವೋ ಕೆತ್ತನೆಯೋ ಇದ್ದರೆ ಅದರ ಚಿತ್ರ ತೆಗೆದು, ಊರು, ಜಾಗ, ದಿನಾಂಕಗಳನ್ನು ಬರೆದು, ಪುರಾತತ್ತ್ವ ಇಲಾಖೆಗೋ ಸಮೀಪದ ಕಾಲೇಜಿನ ಇತಿಹಾಸ ವಿಭಾಗಕ್ಕೋ ಒಂದು ಕಾಗದ ಹಾಕಿರಿ. ನಿಮಗೆ ಅದನ್ನು ತೋರಿಸಿದವರ ಹೆಸರನ್ನೂ ಸೇರಿಸಿರಿ. ಉತ್ತರ ಬರಲು ತಡವಾದೀತು. ನ್ಯೂಬೋಲ್ಡನ ಬರಹಕ್ಕೆ ನಾಲ್ವತ್ತು ವರ್ಷಗಳ ಮೇಲೆ ಉತ್ತರ ಬಂದಿತು, ಆದರೂ ಬಂದಿತು.