ರಕ್ಷಣಾ ಆದೇಶದ ನಕಲು

ಶಾಸನಗಳ ಅಭ್ಯಾಸಿಗಳಾದ ನಮಗೆ ಒಂದು ಸಂಗತಿ ಪರಿಚಿತವೇ: ತಾಮ್ರಪಟವು ಅರಸನ ಆಜ್ಞೆಯನ್ನು ಹೊತ್ತಿದ್ದರೂ ಅದು ಇರುತ್ತಿದ್ದುದು ದಾನ ಪಡೆದವನ ಮನೆಯಲ್ಲಿ. ಆಂಗ್ಲರ ಕಾಲದ ನ್ಯಾಯಾಲಯಗಳಲ್ಲಿ ಆದೇಶದ ಮೂಲವು ಕಚೇರಿಯಲ್ಲಿಯೇ ಉಳಿಯಿತು. ಕಕ್ಷಿಗಾರನಿಗೆ ದೊರೆತದ್ದು ನಕಲು ಮಾತ್ರ, ಅದೂ ಶುಲ್ಕ ತೆತ್ತು. 1872ರ ಸಾಕ್ಷ್ಯ ಅಧಿನಿಯಮದ 76ನೆಯ ಕಲಮು ಈ ಕ್ರಮವನ್ನು ನೆಲೆಗೊಳಿಸಿತು.

2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆ ಅಧಿನಿಯಮವು (2005) ತನ್ನ 24ನೆಯ ಕಲಮಿನಲ್ಲಿ ಇದನ್ನು ತಿರುವಿಹಾಕಿತು. ಮ್ಯಾಜಿಸ್ಟ್ರೇಟರ ಆದೇಶದ ನಕಲನ್ನು ಉಭಯ ಕಕ್ಷಿಗಳಿಗೂ ಪೊಲೀಸ್ ಠಾಣೆಯ ಅಧಿಕಾರಿಗೂ ಉಚಿತವಾಗಿ ಕೊಡತಕ್ಕದ್ದು. ಬೇಡಿ ಪಡೆಯಬೇಕಾಗಿದ್ದುದು ಕೊಡಲೇಬೇಕಾದುದಾಯಿತು.

ಚಂದ್ರದ್ರೋಣ ಪರ್ವತದ ಅತ್ತಿಗುಂಡಿಯಂತಹ ಊರನ್ನು ನೆನೆದರೆ ಈ ಭೇದದ ತೂಕ ತಿಳಿಯುತ್ತದೆ. ಕಾಫಿ ತೋಟದ ಲೈನು ಮನೆಯ ಹೆಂಗಸು ನಕಲಿಗಾಗಿ ಗಿರಿಯಿಳಿದು ಚಿಕ್ಕಮಗಳೂರಿಗೆ ಹೋದರೆ ಅಂದಿನ ಕೂಲಿ ಹೋಯಿತು. ‘ನಾಳೆ ಬಾ’ ಎಂದರೆ ಮರುದಿನದ್ದೂ ಹೋಯಿತು. (‘ನಾಳೆ ಬಾ’ ಎಂಬುದನ್ನು ನಮ್ಮ ಜನರು ದೆವ್ವವನ್ನು ಹಿಂದಿರುಗಿಸಲು ಬಾಗಿಲ ಮೇಲೆ ಬರೆಯುತ್ತಿದ್ದರು, ಕಚೇರಿಗಳು ಅದನ್ನು ಮನುಷ್ಯರಿಗೆ ಹೇಳಿದವು.) ರಕ್ಷಣಾ ಆದೇಶವನ್ನು ಮುರಿದವನಿಗೆ 31ನೆಯ ಕಲಮಿನಂತೆ ಒಂದು ವರ್ಷದವರೆಗೆ ಸೆರೆ, ಇಲ್ಲವೆ 20,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಆದರೆ ಅವನು ರಾತ್ರಿ ಬಂದು ಬಾಗಿಲು ಬಡಿದಾಗ ಆಕೆಯ ಕೈಯಲ್ಲಿರಬೇಕಾದುದು ಮೊಹರು ಬಿದ್ದ ಆ ಹಾಳೆ. ಠಾಣೆಗೂ ಒಂದು ಪ್ರತಿಯನ್ನು ವಿಧಿಸಿದುದು, ಆಕೆಯ ಹಾಳೆಯನ್ನು ಅವನೇ ಹರಿದೊಗೆಯುವ ಸಂಭವವನ್ನು ನೆನೆದೇ ಇರಬೇಕೆಂದು ನಮ್ಮ ಎಣಿಕೆ.