ಮೃಗಯಾ ದಿನಚರಿಯೂ ಹಳಿಯಾಳ ಸೀಮೆಯ ಕಾಡುಗಳೂ

ಸಂಸ್ಕೃತದಲ್ಲಿ 'ಮೃಗ' ಎಂಬ ಧಾತುವಿಗೆ ಹುಡುಕುವುದೆಂದು ಅರ್ಥ. ಜಿಂಕೆಗೆ ಮೃಗವೆಂಬ ಹೆಸರೂ ಬೇಟೆಗೆ ಮೃಗಯೆಯೆಂಬ ಹೆಸರೂ ಇದರಿಂದಲೇ ಬಂದಿವೆ. ಬೇಟೆಯಲ್ಲಿ ಹುಡುಕಾಟವೇ ಮುಖ್ಯಾಂಗ, ಕೊಲೆಯು ಅದರ ಕೊನೆಯ ಗಳಿಗೆ ಮಾತ್ರವೆಂಬುದು ಶಬ್ದಾರ್ಥದಿಂದಲೇ ತಿಳಿದುಬರುತ್ತದೆ. ಮನುವು ರಾಜರಿಗೆ ಅಂಟುವ ಹತ್ತು ಕಾಮಜ ವ್ಯಸನಗಳಲ್ಲಿ ಮೃಗಯೆಯನ್ನು ಮೊದಲನೆಯದಾಗಿ ಎಣಿಸಿದನು. ಕೌಟಿಲ್ಯನೂ ಅದನ್ನು ವ್ಯಸನಗಳ ಸಾಲಿನಿಂದ ತೆಗೆದುಹಾಕಲಿಲ್ಲ. ಆದರೆ ಜೂಜಿಗಿಂತ ಅದು ಮೇಲೆಂದು ವಾದಿಸುವಾಗ, ದೇಹಕ್ಕೆ ವ್ಯಾಯಾಮ, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸ ಇವುಗಳೊಡನೆ, ಪ್ರಾಣಿಗಳ ಚಿತ್ತವನ್ನು ಅರಿಯುವ ಲಾಭವೂ ಉಂಟೆಂದು ಹೇಳಿದನು. ಮೊದಲಿನ ಎರಡು ಲಾಭಗಳು ಬೇಟೆಗಾರನ ಶರೀರದೊಡನೆ ಅಳಿದುಹೋಗತಕ್ಕವು. ಮೂರನೆಯದು ಬರೆದಿಟ್ಟರೆ ಉಳಿಯುವುದು, ಬರೆಯದಿದ್ದರೆ ಅದೂ ಅಳಿಯುವುದು. ಆದುದರಿಂದ ಬೇಟೆಗಾರನ ದಿನಚರಿಯು ಚರಿತ್ರೆಗೆ ಎಷ್ಟರಮಟ್ಟಿಗೆ ಸಾಧನವಾಗಬಲ್ಲುದೆಂಬುದು ವಿಚಾರಾರ್ಹವಾದ ಸಂಗತಿ.

ಬೇಟೆಯನ್ನು ದಾಖಲು ಮಾಡುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಮಂಡ್ಯ ಸೀಮೆಯ ಆತಕೂರಿನ ಶಿಲಾಶಾಸನವು ಶಕ 872ರದು, ಎಂದರೆ ಕ್ರಿ. ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಕಾಳಿಯೆಂಬ ನಾಯಿಯನ್ನೇ ವರವಾಗಿ ಬೇಡಿ ಪಡೆದನೆಂದೂ, ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯೂ ಒಂದು ಮಹಾವರಾಹವೂ ಪರಸ್ಪರ ಹೋರಾಡಿ ಒಟ್ಟಿಗೆ ಸತ್ತವೆಂದೂ, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರೆಂದೂ ಅದು ತಿಳಿಸುತ್ತದೆ. ಸ್ಥಳ, ಪ್ರಾಣಿ, ನಾಯಿಯ ಹೆಸರು, ಕೊನೆಗೆ ಆದುದೇನೆಂಬುದು, ಇಷ್ಟೂ ಕೆಲವೇ ಪಂಕ್ತಿಗಳಲ್ಲಿ ಅಡಕವಾಗಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಮೃಗಯೆಯನ್ನು ರಾಜವಿನೋದಗಳಲ್ಲಿ ಸೇರಿಸಿ ಜಿಂಕೆಯ ಬೇಟೆಯ ನಾನಾ ವಿಧಾನಗಳನ್ನು ವಿವರಿಸಿದ್ದಾನೆ.

ಮೊಗಲ ಬಾದಶಹ ಜಹಾಂಗೀರನ ಪದ್ಧತಿ ಬೇರೆಯದು. ಅವನು ಪಟ್ಟವೇರಿದ ಹನ್ನೊಂದನೆಯ ವರ್ಷದಲ್ಲಿ ಬೇಟೆಯ ಲೆಕ್ಕದವರಿಂದ ಮೊತ್ತ ತೆಗೆಸಿದನು. ಹುಡುಗತನದಿಂದ ಅಂದಿನವರೆಗೆ ಅವನ ಸಮಕ್ಷಮದಲ್ಲಿ ಬಿದ್ದ ಪ್ರಾಣಿಪಕ್ಷಿಗಳು 28,532. ಅವುಗಳಲ್ಲಿ ಅವನ ಕೈಯಿಂದಲೇ ಸತ್ತವು 17,167. ಇದೇ ಬಾದಶಹನು ತನ್ನ ಪ್ರೀತಿಯ ಜಿಂಕೆ ಮನಸರಾಜವು ಸತ್ತಾಗ, ಇಂದಿನ ಪಾಕಿಸ್ತಾನದ ಶೇಖುಪುರದಲ್ಲಿ ಅದಕ್ಕೆ ಸ್ಮಾರಕವನ್ನೆಬ್ಬಿಸಿ, ಆ ಬಯಲಿನ ಜಿಂಕೆಗಳನ್ನು ಯಾರೂ ಬೇಟೆಯಾಡಕೂಡದೆಂದು ಅಪ್ಪಣೆ ಮಾಡಿದನು. ಸಾವಿರಾರು ಪ್ರಾಣಿಗಳು ಅಂಕಿಗಳಾಗಿ ಹೋದವು. ಹೆಸರಿದ್ದ ಒಂದು ಜಿಂಕೆಗೆ ಮಾತ್ರ ಚರಿತ್ರೆ ಲಭಿಸಿತು.

ಈ ಎರಡು ಬಗೆಯ ದಾಖಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕನ್ನಡದ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಸೀಮೆಗಳನ್ನು ನೋಡಬೇಕು. ಧಾರವಾಡದ ಬಯಲು ಮುಗಿದು ಸಹ್ಯಾದ್ರಿಯ ಮಲೆ ತೊಡಗುವ ಸಂಧಿಪ್ರದೇಶವಿದು. ಮೂಡಲಿಗೆ ಹೊಲಗದ್ದೆ, ನಡುವೆ ತೇಗಮತ್ತಿಗಳ ಎಲೆಯುದುರುವ ಕಾಡು, ಬಿದಿರ ಮೆಳೆ, ಪಡುವಲಿಗೆ ಹೋದಂತೆ ಕಾಳಿನದಿಯ ಕಣಿವೆಗಳ ನಿತ್ಯಹಸುರಿನ ಅಡವಿ. ಕಾಡಿನ ಬಗೆಯನ್ನನುಸರಿಸಿ ಜಿಂಕೆಯ ಜಾತಿಯೂ ಬದಲಾಗುವುದು. ಹುಲ್ಲುಗಾವಲಿನ ಅಂಚಿನಲ್ಲಿ ಚುಕ್ಕೆಜಿಂಕೆಯ ಹಿಂಡು, ಬೆಟ್ಟದ ಓರೆಯಲ್ಲಿ ಕಡವೆ, ಹಳ್ಳದ ಪೊದೆಗಳಲ್ಲಿ ಒಂಟಿಯಾಗಿ ಬೊಗಳುವ ಕಾಡುಕುರಿ, ದಟ್ಟಡವಿಯ ತರಗೆಲೆಗಳ ನಡುವೆ ಕೊಂಬಿಲ್ಲದ ಪುಟ್ಟ ಬರಿಂಕ.

ಇಂಥ ಕಾಡಿನಲ್ಲಿ ಜಿಂಕೆಯನ್ನು ಹಿಂಬಾಲಿಸುವವನಿಗೆ ಬಂದೂಕಿಗಿಂತ ಮೊದಲು ಬೇಕಾದುದು ಗಾಳಿಯ ದಿಕ್ಕಿನ ಅರಿವು. ಬೆನ್ನಹಿಂದಿನಿಂದ ಗಾಳಿ ಬೀಸಿದರೆ ಕಡವೆಯು ಮನುಷ್ಯನನ್ನು ಕಾಣುವ ಮೊದಲೇ ಮೂಸಿ ತಿಳಿಯುವುದು. ಮುಂಗಾಲನ್ನು ನೆಲಕ್ಕೆ ಬಡಿದು ಒಮ್ಮೆ ಕೂಗಿತೆಂದರೆ ಅಂದಿನ ಶ್ರಮವೆಲ್ಲ ವ್ಯರ್ಥ. ಹೆಜ್ಜೆ ಹಸಿಯೋ ಹಳತೋ, ಹಿಕ್ಕೆ ಒಣಗಿದೆಯೋ ಇಲ್ಲವೋ, ಯಾವ ಚಿಗುರನ್ನು ಕಡಿದಿದೆ, ಕೊಂಬನ್ನು ಯಾವ ಮರಕ್ಕೆ ತೀಡಿದೆ, ಇವೆಲ್ಲವೂ ಓದತಕ್ಕ ಅಕ್ಷರಗಳೇ ಸರಿ. ಕಡವೆಯು ಸಾಮಾನ್ಯವಾಗಿ ಬೇಸಗೆಯಲ್ಲಿ ಕೊಂಬು ಉದುರಿಸುತ್ತದೆ. ಮಳೆಗಾಲದಲ್ಲಿ ಮೃದುವಾದ ತೊಗಲಿನೊಳಗೆ ಹೊಸ ಕೊಂಬು ಬೆಳೆಯುತ್ತದೆ. ತಿಥಿವಾರಗಳೊಡನೆ ಇವನ್ನು ಹತ್ತಿಪ್ಪತ್ತು ವರ್ಷ ತಪ್ಪದೆ ಬರೆದಿಟ್ಟ ವಹಿಯಿದ್ದರೆ, ಆ ಕಾಡಿನ ಋತುಮಾನ, ಮೇವುನೀರು, ಹಿಂಡುಗಳ ಏರಿಳಿತ ಎಲ್ಲವೂ ಅದರಿಂದ ತಿಳಿದುಬರುವುವು. ಬರಿಗೈಯಲ್ಲಿ ಮರಳಿದ ದಿನದ ಬರೆಹಕ್ಕೆ ಬೆಲೆ ಹೆಚ್ಚು. ಪ್ರಾಣಿಯು ಬೇಟೆಗಾರನಿಗಿಂತ ಜಾಣತನ ತೋರಿದುದು ಆ ದಿನವೇ.

ಈ ಸೀಮೆಯ ನೆರೆಯಲ್ಲಿ ಅಂಥ ಬರೆಹದಿಂದ ಶಾಸ್ತ್ರವನ್ನೇ ಕಟ್ಟಿದವನು ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರಿನ ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮಡಿದಾಗ, ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಈತನೊಬ್ಬ. ಬಿಡುಗಡೆಯಾದ ಬಳಿಕ 1833ರವರೆಗೆ ಆ ಪ್ರಾಂತದಲ್ಲಿಯೇ ಇದ್ದು, ಬಿಡುವಿನಲ್ಲಿ ಎರಡು ಹವ್ಯಾಸಗಳನ್ನು ನಡೆಸಿದನು. ಒಂದು ಶಿಲಾಶಾಸನಗಳ ಪ್ರತಿ ಮಾಡಿಸುವುದು. ಹೀಗೆ ಕೂಡಿಬಂದ ಸುಮಾರು ಆರುನೂರು ಕನ್ನಡನಾಡಿನ ಶಾಸನಗಳಿಂದ ಚಾಲುಕ್ಯರ ಚರಿತ್ರೆಗೆ ಬುನಾದಿ ಬಿದ್ದಿತು. ಇನ್ನೊಂದು ಬೇಟೆ. ಅದರ ಫಲವಾಗಿ ದಕ್ಷಿಣ ಮರಾಠಾ ಪ್ರಾಂತದ ಸಸ್ತನಿಗಳ ಪಟ್ಟಿಯು 1839ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಪ್ರಾಣಿಗಳ ಅಳತೆ ಮತ್ತು ಸ್ವಭಾವಗಳ ಜೊತೆಗೆ ಅವುಗಳ ಕನ್ನಡ, ಮರಾಠಿ ಹೆಸರುಗಳನ್ನೂ ವಡ್ಡರ ಬಾಯಲ್ಲಿದ್ದ ಹೆಸರುಗಳನ್ನೂ ಆತನು ಅದರಲ್ಲಿ ಕೊಟ್ಟಿದ್ದಾನೆ. ಕನ್ನಡದ 'ಗುಲಂದಿ' ಎಂಬ ಇಲಿಯ ಹೆಸರು ಪ್ರಾಣಿಶಾಸ್ತ್ರದಲ್ಲಿ 'ಗೊಲುಂಡ' ಎಂಬ ಕುಲನಾಮವಾಗಿ ಇಂದಿಗೂ ನಿಂತಿದೆ. ಆ ಇಲಿಯ ಜಾತಿನಾಮದಲ್ಲಿ ಎಲಿಯಟ್ಟನ ಹೆಸರೂ ಸೇರಿದೆ. ಶಾಸನದ ಅಕ್ಷರಕ್ಕೆ ತೋರಿದ ನಿಷ್ಠೆಯನ್ನೇ ಆತನು ಮೃಗದ ಹೆಜ್ಜೆಗೂ ತೋರಿದುದರಿಂದ ಇದು ಸಾಧ್ಯವಾಯಿತು.

ಉತ್ತರ ಕನ್ನಡವು 1862ರಲ್ಲಿ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. 1883ರಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘವು ಸ್ಥಾಪನೆಯಾಗಿ, 1886ರಿಂದ ಅದರ ಪತ್ರಿಕೆಯು ಹೊರಟಿತು. ಅಧಿಕಾರಿಗಳ ಖಾಸಗಿ ಟಿಪ್ಪಣಿಗಳಿಗೆ ಅಲ್ಲಿ ಒಂದು ನೆಲೆ ದೊರೆಯಿತು. ಆ ಸಂಘದ ಸ್ಥಾಪಕರಲ್ಲೊಬ್ಬನಾದ ಏಟ್ಕನ್, ಜಿಲ್ಲೆಯ ಕಲೆಕ್ಟರ್ ಡೇವಿಡ್‌ಸನ್, ಅರಣ್ಯಾಧಿಕಾರಿ ಬೆಲ್ ಈ ಮೂವರೂ ಕೂಡಿ ಇದೇ ಜಿಲ್ಲೆಯ ಚಿಟ್ಟೆಗಳ ಹುಳು ಮತ್ತು ಕೋಶಗಳ ವಿಷಯದಲ್ಲಿ ಬರೆದ ಲೇಖನಗಳು ಇಂದಿಗೂ ಪ್ರಮಾಣಭೂತವಾಗಿವೆ. ಬೆಲ್ಲನು ನಿವೃತ್ತನಾದ ಮೇಲೆ ಸ್ವದೇಶಕ್ಕೆ ಮರಳದೆ ಕಾರವಾರದಲ್ಲಿಯೇ ನೆಲೆಸಿ 1948ರಲ್ಲಿ ತೀರಿಕೊಂಡನು. ಕೊಲ್ಲುವ ಚಟವು ಕಾಣುವ ಚಟವಾಗಿ ಮಾರ್ಪಟ್ಟುದಕ್ಕೆ ಇಂಥವರು ನಿದರ್ಶನ.

ಎಲ್ಲರೂ ಹೀಗೆ ಮಾರ್ಪಡಲಿಲ್ಲ. ಸ್ಕಾಟ್‌ಲೆಂಡಿನ ಬೆಟ್ಟಗಳಲ್ಲಿ ಜಿಂಕೆಯನ್ನು ಹಿಂಬಾಲಿಸುವ ಕಲೆಯನ್ನು ಕುರಿತು ಸ್ಕ್ರೋಪ್ ಎಂಬವನು 1838ರಲ್ಲಿ ಗ್ರಂಥ ಬರೆದನು. ಆದರೆ 1892ರಲ್ಲಿ ಲಂಡನ್ನಿನ ರೋಲಂಡ್ ವಾರ್ಡನು ಜಗತ್ತಿನ ಮೃಗಗಳ ಕೊಂಬಿನ ಅಳತೆಗಳ ಪುಸ್ತಕವನ್ನು ಹೊರಡಿಸಿದ ಬಳಿಕ, ಅನೇಕರ ವಹಿಗಳಲ್ಲಿ ಅಂಗುಲದ ಲೆಕ್ಕವೇ ಮೇಲಾಯಿತು. ಇಂಗ್ಲೆಂಡಿನ ರಿಪನ್ ಪ್ರಭು 1923ರಲ್ಲಿ ಸಾಯುವ ವೇಳೆಗೆ ಅವನ ಬೇಟೆಪುಸ್ತಕದ ಮೊತ್ತ ಐದೂವರೆ ಲಕ್ಷವನ್ನು ಮೀರಿತ್ತು. ಅವುಗಳಲ್ಲಿ ಹೆಚ್ಚಿನವು ಹಕ್ಕಿಗಳು. ಇಷ್ಟು ದೊಡ್ಡ ಮೊತ್ತದಿಂದ ಒಂದು ಹಕ್ಕಿಯ ನಡವಳಿಕೆಯೂ ತಿಳಿಯದು.

ಒಳ್ಳೆಯ ದಿನಚರಿಗಳಲ್ಲಿಯೂ ಒಂದು ದೊಡ್ಡ ಲೋಪ ಕಂಡುಬರುತ್ತದೆ. ಹೆಜ್ಜೆ ಓದಿದವನಾರೆಂಬುದನ್ನು ಅವು ಪ್ರಾಯಃ ಹೇಳುವುದಿಲ್ಲ. ಹಳಿಯಾಳ ಮುಂಡಗೋಡಗಳ ಸಿದ್ದಿಯರು, ಜೋಯಿಡಾದ ಕುಣಬಿಯರು, ಕಾಡಂಚಿನ ಗೌಳಿಗರು, ಇವರ ಕಣ್ಣುಕಿವಿಗಳನ್ನು ನಂಬಿಯೇ ಪರದೇಶದವನು ಈ ಅಡವಿಯಲ್ಲಿ ನಡೆಯಬೇಕಾಗಿತ್ತು. ಬರೆಹದಲ್ಲಿ ಅವರೆಲ್ಲರೂ ಬರಿಯ 'ಶಿಕಾರಿ'ಯಾಗಿ, 'ಕೂಲಿ'ಯಾಗಿ ಉಳಿದರು. 1878ರ ಅರಣ್ಯಶಾಸನವು ಬಂದಮೇಲಂತೂ ಕಾದಿಟ್ಟ ಕಾಡಿನಲ್ಲಿ ಪರವಾನೆಯುಳ್ಳವನ ಬೇಟೆಯು ವಿನೋದವೆನಿಸಿತು, ಅಲ್ಲಿಯೇ ಹುಟ್ಟಿ ಬೆಳೆದವನ ಬೇಟೆಯು ಅಪರಾಧವೆನಿಸಿತು. ಸಾವಿರ ವರ್ಷಗಳ ಹಿಂದೆ ಆತಕೂರಿನಲ್ಲಿ ಒಂದು ನಾಯಿಯ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದರು. ದಾರಿ ತೋರಿದ ಮನುಷ್ಯನ ಹೆಸರನ್ನು ಕಾಗದದ ಮೇಲೂ ಬರೆಯದೆ ಹೋದ ಈ ಅನ್ಯಾಯವನ್ನು ಚರಿತ್ರಕಾರರು ಮರೆಯಬಾರದು.

1956ರ ಮೇ ತಿಂಗಳಲ್ಲಿ, ಈ ಜಿಲ್ಲೆಯು ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗಲೇ, ದಾಂಡೇಲಿಯ ಕಾಡು ಅಭಯಾರಣ್ಯವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಬೇಟೆಯನ್ನು ಬಿಗಿಗೊಳಿಸಿತು; 1991ರ ತಿದ್ದುಪಡಿಯಿಂದ ಜಿಂಕೆ ಕಡವೆಗಳ ವಿನೋದದ ಬೇಟೆಗೆ ಪರವಾನೆ ಕೊಡುವ ಪದ್ಧತಿಯೇ ನಿಂತಿತು. ದಾಂಡೇಲಿ ಮತ್ತು ಅಣಶಿಯ ಕಾಡುಗಳು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರನ್ನು ಪಡೆದವು. ಇದರ ನಡುವೆ ನೆಲವೇ ಬದಲಾಯಿತು. ಹಿಂದೆ ತಾಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ಊರು 1980ರ ದಶಕದಲ್ಲಿ ಕಾಳಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ಕಚೇರಿಗಳು ಜೋಯಿಡಾಕ್ಕೆ ಬಂದವು. ಆ ಕಣಿವೆಯಲ್ಲಿ ಜಿಂಕೆಗಳು ನೀರಿಗಿಳಿಯುತ್ತಿದ್ದ ಕಡವುಗಳನ್ನು ಇನ್ನು ಯಾರೂ ನಡೆದು ನೋಡಲಾರರು. ಹಳೆಯ ದಿನಚರಿಯ ಪುಟಗಳಲ್ಲಿ ಇದ್ದರೆ ಮಾತ್ರ ಅವು ಇವೆ. ಆದುದರಿಂದ ಈ ಸೀಮೆಯ ಮನೆಗಳ ಅಟ್ಟದಲ್ಲಿ ಹಿರಿಯರ ಬೇಟೆಯ ವಹಿಯೇನಾದರೂ ಉಳಿದಿದ್ದರೆ, ಅದನ್ನು ನಾಚಿಕೆಯಿಂದ ಸುಡದೆ, ಹೆಮ್ಮೆಯಿಂದ ಮೆರೆಸದೆ, ಸಾಕ್ಷಿಪತ್ರವೆಂದು ಬಗೆದು ಕಾಪಾಡುವುದು ಯುಕ್ತ.

ಮೃಗಯೆಯ ಬರೆಹವು ಇಂದು ಬೇರೊಂದು ರೂಪದಲ್ಲಿ ಮುಂದುವರಿದಿದೆ. 2006ರಿಂದ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಹುಲಿಗಣತಿಯಲ್ಲಿ ಅರಣ್ಯದ ಕಾವಲುಗಾರರು ಗೊತ್ತುಮಾಡಿದ ದಾರಿಯಲ್ಲಿ ಸದ್ದಿಲ್ಲದೆ ನಡೆದು, ಕಂಡ ಚುಕ್ಕೆಜಿಂಕೆ, ಕಡವೆ, ಕಾಡುಕುರಿಗಳ ಸಂಖ್ಯೆಯನ್ನೂ ಹಿಕ್ಕೆಯ ಗುರುತನ್ನೂ ಬರೆದುಕೊಳ್ಳುತ್ತಾರೆ. ಅಲ್ಲಿ ಬಂದೂಕಿನ ಮಾತಿಲ್ಲ. ಧಾತುವಿನ ಮೂಲಾರ್ಥದಂತೆ ಬರಿಯ ಹುಡುಕಾಟವಿದೆ. ಆ ಬರೆಹದಲ್ಲಿ ಕಂಡ ಮೃಗದ ಜೊತೆಗೆ ನಡೆದ ಮನುಷ್ಯನ ಹೆಸರೂ ಸೇರಿದರೆ, ಹಿಂದಿನ ವಹಿಗಳ ಲೋಪವು ಮುಂದಿನ ಚರಿತ್ರೆಯಲ್ಲಿ ತುಂಬಿಬರುವುದು.