ಕಂಪ್ಯೂಟರ್ ಹೇಳಿದ ಗಾಳಿ, ಕಂಬ ಅಳೆದ ಗಾಳಿ

ಮೊಬೈಲ್ ನೋಡಿದರೆ ಗಾಳಿ ಗಂಟೆಗೆ 10 ಕಿ.ಮೀ. ಅಂತ ಇರುತ್ತೆ. ಹೊಲದ ಬದುವಿನ ಮೇಲೆ ನಿಂತರೆ ತಲೆಗೆ ಸುತ್ತಿದ ಟವೆಲ್ ಹಾರಿಹೋಗುತ್ತೆ. ಮೊಬೈಲಿನ ಆ ಅಂಕಿಯನ್ನು ನಿಮ್ಮೂರಲ್ಲಿ ಯಾರೂ ಅಳೆದಿರುವುದಿಲ್ಲ, ಅದು ಕಂಪ್ಯೂಟರ್ ಹಾಕಿದ ಲೆಕ್ಕ. ಹಾಗಾದರೆ ಕಂಬ ನೆಟ್ಟು ಅಳೆದದ್ದೇ ನಿಜವೇ? ಅದನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ.

1846ರಲ್ಲಿ ಐರ್ಲೆಂಡಿನ ಅರ್ಮಾ ವೀಕ್ಷಣಾಲಯದ ಥಾಮಸ್ ರಾಬಿನ್ಸನ್, ಗಾಳಿಗೆ ನಾಲ್ಕು ಬಟ್ಟಲು ಗಿರಗಿರ ತಿರುಗುವ ಉಪಕರಣವೊಂದನ್ನು ಜಗತ್ತಿನ ಮುಂದಿಟ್ಟರು. ಬಟ್ಟಲಿನ ವೇಗವನ್ನು ಮೂರರಿಂದ ಗುಣಿಸಿದರೆ ಗಾಳಿಯ ವೇಗ ಸಿಗುತ್ತದೆ ಎಂದರು. ಅದು ತಪ್ಪಾಗಿತ್ತು. ಬಟ್ಟಲಿನ ಗಾತ್ರ, ತೋಳಿನ ಉದ್ದ ಬದಲಾದರೆ ಆ ಮೂರು ಎಂಬುದೂ ಬದಲಾಗುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಎಷ್ಟೋ ಊರುಗಳ ದಫ್ತರದಲ್ಲಿ ತಪ್ಪು ಗಾಳಿ ಬರೆದಾಗಿತ್ತು! 1926ರಲ್ಲಿ ಕೆನಡಾದ ಜಾನ್ ಪ್ಯಾಟರ್ಸನ್ ಮೂರು ಬಟ್ಟಲಿನ ಮಾದರಿ ತಂದರು. ಇಂದಿಗೂ ಹೆಚ್ಚು ಕಡೆ ಕಾಣುವುದು ಅದೇ. ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ ಅಳೆಯಬೇಕೆಂಬುದು ನಿಯಮ.

ಕಂಪ್ಯೂಟರಿನ ದಾರಿ ಬೇರೆ. ಬಲೂನು, ವಿಮಾನ, ಹಡಗು, ಉಪಗ್ರಹಗಳ ಮಾಹಿತಿಯನ್ನು ಒಟ್ಟು ಹಾಕಿ, ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ, ಚೌಕಕ್ಕೊಂದು ಗಾಳಿ ಹೇಳುತ್ತದೆ. ಇಂದು ಬಹಳ ಬಳಕೆಯಲ್ಲಿರುವ ಯುರೋಪಿನ ಇಆರ್‌ಎ5 ಲೆಕ್ಕದಲ್ಲಿ ಚೌಕದ ಒಂದು ಬದಿ ಸುಮಾರು 31 ಕಿ.ಮೀ. ಅದರೊಳಗಿನ ಗುಡ್ಡ, ಕೆರೆ, ಊರು, ಹೊಲ ಎಲ್ಲಕ್ಕೂ ಒಂದೇ ಅಂಕಿ.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಲ್ಲಿ ಹೆಸರಾದವರು ಫ್ರಾನ್ಸಿನ ರಾಬರ್ಟ್ ವೊಟಾರ್ ಮತ್ತು ಸಂಗಡಿಗರು. ಅವರ ವರದಿ 2010ರಲ್ಲಿ ಬಂತು. ಉತ್ತರ ಗೋಳಾರ್ಧದ 822 ಕೇಂದ್ರಗಳಲ್ಲಿ 1979ರಿಂದ 2008ರವರೆಗೆ ಗಾಳಿ ಶೇ. 5ರಿಂದ 15ರಷ್ಟು ಇಳಿದಿತ್ತು. ಕಂಪ್ಯೂಟರಿನ ಗಾಳಿ ಮಾತ್ರ ಅಷ್ಟು ಇಳಿದಿರಲಿಲ್ಲ. ಯಾರದು ಸುಳ್ಳು? ಅವರು ಬೊಟ್ಟು ಮಾಡಿದ್ದು ನೆಲದ ಕಡೆಗೆ. ಗಿಡಮರ ಬೆಳೆದು ನೆಲ ಒರಟಾಗಿದೆ, ಅದು ಗಾಳಿಯನ್ನು ತಡೆಯುತ್ತಿದೆ, ಇಳಿಕೆಯ ಶೇ. 25ರಿಂದ 60ರಷ್ಟಕ್ಕೆ ಇದೇ ಕಾರಣವಿರಬಹುದು ಎಂದರು. ಮರ ಬೆಳೆದದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರ ನಂತರ ಕೇಂದ್ರಗಳಲ್ಲಿ ಗಾಳಿ ಮತ್ತೆ ಏರತೊಡಗಿದೆ ಎಂದು 2019ರಲ್ಲಿ ಇನ್ನೊಂದು ತಂಡ ತೋರಿಸಿತು. ಮರಗಳೇನೂ ಹಿಂದಕ್ಕೆ ಬೆಳೆಯಲಿಲ್ಲವಲ್ಲ! ಸಮುದ್ರ ಮತ್ತು ವಾತಾವರಣದ ದೀರ್ಘ ಏರಿಳಿತವೇ ಮುಖ್ಯ ಕಾರಣ ಎಂದಿತು ಆ ತಂಡ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರು ಅನ್ನಾ ಮಣಿ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆ ಮಾಡಿ, ಮುಂದೆ ಹವಾಮಾನ ಇಲಾಖೆ ಸೇರಿದರು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ. 1983ರಲ್ಲಿ ದೇಶದ ಗಾಳಿಯ ಅಂಕಿಗಳ ಪುಸ್ತಕ ಹೊರತಂದರು, ಆಮೇಲೆ ಬೆಂಗಳೂರಿನಿಂದಲೇ ದೇಶದ ಗಾಳಿ ಸಮೀಕ್ಷೆ ನಡೆಸಿದರು.

ಅಷ್ಟು ತಲೆಕೆಡಿಸಿಕೊಳ್ಳುವುದು ಯಾಕೆಂದರೆ, ಗಾಳಿ ಶೇ. 10 ಕಡಿಮೆಯಾದರೆ ಅದರಲ್ಲಿರುವ ಶಕ್ತಿ ಶೇ. 27 ಕಡಿಮೆಯಾಗುತ್ತದೆ. ಹಾಗಾಗಿಯೇ ಗುಡ್ಡದ ಮೇಲೆ ನಾವು ಫ್ಯಾನು ಅನ್ನುವ ಗಾಳಿಯಂತ್ರ ಬರುವ ಮೊದಲು, ತಂತಿ ಬಿಗಿದ ಒಂದು ತೆಳ್ಳನೆಯ ಕಂಬ ಬರುತ್ತದೆ. ವರ್ಷವಾದರೂ ಅಲ್ಲೇ ನಿಂತು, ಮೂರು ಬಟ್ಟಲು ತಿರುಗಿಸುತ್ತಾ, ಕಂಪ್ಯೂಟರಿನ ಲೆಕ್ಕವನ್ನು ಪರೀಕ್ಷಿಸುತ್ತಿರುತ್ತದೆ.